ಸೇರುವ ಮೊದಲು ಒಮ್ಮೆ ಹೋಗಿ ನೋಡಿ



ಕಳೆದ ವರ್ಷದವರೆಗೆ ನಾನೂ ಇದೇ ಕಾಲೇಜಿನ ಬೆಂಚಿನ ಮೇಲೆ ಕುಳಿತವಳು. ಈಗ ಪದವಿಯ ಮೊದಲ ವರ್ಷದಲ್ಲಿದ್ದೇನೆ. "ಅಕ್ಕಾ, ಪಿಯುಸಿ ಮುಗಿದ ಮೇಲೆ ಎಲ್ಲಿ ಸೇರಲಿ?" ಎಂದು ನಿಮ್ಮಲ್ಲಿ ಹಲವರು ಕೇಳುತ್ತೀರಿ. ಎಲ್ಲಿ ಎಂದು ನಾನು ಹೇಳಲಾರೆ. ಹೇಗೆ ನೋಡಿ ಆರಿಸಬೇಕು ಎಂಬುದನ್ನು ಹೇಳಬಲ್ಲೆ. ಅದಕ್ಕೆ ನಮ್ಮ ಮನೆಯಲ್ಲಿ ಒಂದು ವರ್ಷದ ಬೆಲೆ ಕೊಟ್ಟಿದ್ದೇವೆ.

ನನ್ನ ಅಣ್ಣ ಬ್ಯಾನರ್ ನೋಡಿ, ಬಣ್ಣದ ಪುಸ್ತಿಕೆ ನೋಡಿ, ದೂರದ ಊರಿನ ಒಂದು ಖಾಸಗಿ ಕಾಲೇಜಿಗೆ ಸೇರಿದ್ದ. ಮೊದಲ ಬಾರಿಗೆ ಆ ಕಟ್ಟಡ ನೋಡಿದ್ದು ಫೀ ಕಟ್ಟಿದ ದಿನವೇ. ಪುಸ್ತಿಕೆಯಲ್ಲಿದ್ದ ಪ್ರಯೋಗಾಲಯಕ್ಕೆ ಬೀಗ. ಹೇಳಿದ ಫೀ ಒಂದು, ಕಟ್ಟಬೇಕಾದದ್ದು ಇನ್ನೊಂದು. ವರ್ಷ ಮುಗಿಯುವ ಮೊದಲೇ ಮನೆಗೆ ಬಂದ. ಹೈವೇ ಪಕ್ಕ ಪಂಕ್ಚರ್ ಅಂಗಡಿ ನಡೆಸುವ ಅಬ್ಬಾ ಒಂದೇ ಮಾತು ಹೇಳಿದರು: "ಹಳೆ ಗಾಡಿ ಕೊಳ್ಳುವಾಗ ಬಣ್ಣ ನೋಡಬಾರದು, ಓಡಿಸಿ ನೋಡಬೇಕು. ನಾವು ಬಣ್ಣ ನೋಡಿಬಿಟ್ಟೆವು." ಅಲ್ಲಿಂದ ನನ್ನನ್ನು ಹೊರಗೆ ಕಳಿಸುವ ಮಾತೇ ಮನೆಯಲ್ಲಿ ನಿಂತುಹೋಯಿತು. ಕೊನೆಗೆ ಅಣ್ಣನೇ, "ಒಮ್ಮೆ ಹೋಗಿ ನೋಡೋಣ, ಆಮೇಲೆ ಬೇಡ ಅನ್ನಿ" ಎಂದು ಅಬ್ಬಾನನ್ನು ಒಪ್ಪಿಸಿದ. ನಾವು ಮೂವರೂ ಹೊರಟೆವು. ಆಗ ಕಲಿತದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

1. ಫಲಿತಾಂಶಕ್ಕೆ ಕಾಯಬೇಡಿ

2022ರಿಂದ ಕೇಂದ್ರೀಯ ವಿಶ್ವವಿದ್ಯಾಲಯಗಳ ಪದವಿ ಪ್ರವೇಶಕ್ಕೆ ಸಿಯುಇಟಿ ಪರೀಕ್ಷೆ ಇದೆ. ವೃತ್ತಿಪರ ಕೋರ್ಸುಗಳಿಗೆ ಕೆಇಎ ನಡೆಸುವ ಸಿಇಟಿ ಇದೆ. ಇವುಗಳ ಅರ್ಜಿ ಸಾಮಾನ್ಯವಾಗಿ ಪಿಯುಸಿ ಫಲಿತಾಂಶಕ್ಕೂ ಮೊದಲೇ ತುಂಬಬೇಕಾಗುತ್ತದೆ. "ಮಾರ್ಕ್ಸ್ ಬರಲಿ, ಆಮೇಲೆ ನೋಡೋಣ" ಎನ್ನುವವರಿಗೆ ಬಾಗಿಲು ಮುಚ್ಚಿರುತ್ತದೆ. ಆದ್ದರಿಂದ ಮೊದಲ ಪಿಯುಸಿ ಮುಗಿದ ರಜೆಯಿಂದ ದ್ವಿತೀಯ ಪಿಯುಸಿಯ ಡಿಸೆಂಬರ್ ಒಳಗೆ ಹೋಗಿ ಬನ್ನಿ. ತಂಗಿಯರಿಗೆ ಇನ್ನೊಂದು ಮಾತು: 2023ರ ಜೂನ್‌ನಿಂದ ಶಕ್ತಿ ಯೋಜನೆ ಇದೆ. ಆಧಾರ್ ಕಾರ್ಡ್ ಇದ್ದರೆ ರಾಜ್ಯದೊಳಗೆ ಸಾಮಾನ್ಯ ಸಾರಿಗೆ ಬಸ್ಸಿಗೆ ಟಿಕೆಟ್ ಹಣವಿಲ್ಲ. ಹುಮನಾಬಾದ್ ಮೇಲಿಂದ ಕಲಬುರಗಿಗೆ ಹೋಗಿ ಬರಲು ನಮಗೆ ಖರ್ಚಾದದ್ದು ಅಬ್ಬಾ ಮತ್ತು ಅಣ್ಣನ ಟಿಕೆಟ್ ಮಾತ್ರ.

2. ನೀವು ನಿಜವಾಗಿ ಕೂರುವ ತರಗತಿ ಯಾವುದು?

ಮೊದಲ ದಿನ ನಾವು ಗುಲ್ಬರ್ಗಾ ವಿಶ್ವವಿದ್ಯಾಲಯದ ಜ್ಞಾನಗಂಗಾ ಆವರಣಕ್ಕೆ ಹೋದೆವು. 1980ರಲ್ಲಿ ಸ್ಥಾಪನೆಯಾದ ದೊಡ್ಡ ವಿಶ್ವವಿದ್ಯಾಲಯ. ಇಲ್ಲೇ ಓದಬೇಕು ಎಂದು ನಾನು ಮನಸ್ಸು ಮಾಡಿಬಿಟ್ಟಿದ್ದೆ. ವಿಚಾರಿಸಿದ ಮೇಲೆ ಗೊತ್ತಾಯಿತು: ಆವರಣದಲ್ಲಿ ನಡೆಯುವುದು ಬಹುಪಾಲು ಎಂ.ಎ., ಎಂ.ಎಸ್ಸಿ.ಯಂಥ ಸ್ನಾತಕೋತ್ತರ ತರಗತಿಗಳು. ಪದವಿ ಓದುವವರು ಸಂಯೋಜಿತ ಕಾಲೇಜುಗಳಲ್ಲಿ ಓದುತ್ತಾರೆ. ನಮ್ಮ ಜಿಲ್ಲೆಯ ಪದವಿ ಕಾಲೇಜುಗಳಿಗೆ ಈಗ 2023ರಲ್ಲಿ ಆರಂಭವಾದ ಬೀದರ್ ವಿಶ್ವವಿದ್ಯಾಲಯ ಇದೆ. ಅಂದರೆ ಸರ್ಟಿಫಿಕೇಟ್ ಮೇಲೆ ವಿಶ್ವವಿದ್ಯಾಲಯದ ಹೆಸರು ಇರುತ್ತದೆ, ಪಾಠ ಮಾತ್ರ ಕಾಲೇಜಿನಲ್ಲಿ. ಹಾಗಿದ್ದರೆ ಹೋಗಿ ನೋಡಬೇಕಾದದ್ದು ಆ ಕಾಲೇಜನ್ನೇ.

ಕಲಬುರಗಿಯ ಶರಣಬಸವ, ಖಾಜಾ ಬಂದಾನವಾಜ್ ವಿಶ್ವವಿದ್ಯಾಲಯಗಳು ಖಾಸಗಿ. ಅಲ್ಲಿನ ಫೀ ಲೆಕ್ಕವೇ ಬೇರೆ. ಆಳಂದ ರಸ್ತೆಯ ಕಡಗಂಚಿಯಲ್ಲಿರುವ, 2009ರಲ್ಲಿ ಸ್ಥಾಪನೆಯಾದ ಕರ್ನಾಟಕ ಕೇಂದ್ರೀಯ ವಿಶ್ವವಿದ್ಯಾಲಯದಲ್ಲಿ ಪದವಿ ತರಗತಿಗಳೂ ಹಾಸ್ಟೆಲ್‌ಗಳೂ ಆವರಣದಲ್ಲೇ ಇವೆ. ಪಶುವೈದ್ಯಕೀಯ ಓದಬೇಕೆನ್ನುವವರಿಗೆ ಬೀದರಿನ ನಂದಿನಗರ ಹತ್ತಿರವೇ ಇದೆ.

3. ಕೆಲಸದ ದಿನ ಹೋಗಿ

ಭಾನುವಾರವಾಗಲಿ ಸಮಾರಂಭದ ದಿನವಾಗಲಿ ಹೋಗಬೇಡಿ. ಮಂಗಳವಾರ, ಬುಧವಾರದಂಥ ದಿನ ಹನ್ನೊಂದು ಗಂಟೆಗೆ ಹೋಗಿ. ಆಗ ತರಗತಿಯಲ್ಲಿ ಪಾಠ ನಡೆಯುತ್ತಿದೆಯೇ? ಗ್ರಂಥಾಲಯದಲ್ಲಿ ಹುಡುಗರು ಕುಳಿತಿದ್ದಾರೆಯೇ? ಪ್ರಯೋಗಾಲಯದ ಬಾಗಿಲು ತೆರೆದಿದೆಯೇ? ನೋಟಿಸ್ ಬೋರ್ಡಿನ ವೇಳಾಪಟ್ಟಿ ಈ ವರ್ಷದ್ದೋ ಹಳೆಯದೋ? ಇವನ್ನು ನೋಡಲು ಯಾರ ಅನುಮತಿಯೂ ಬೇಕಿಲ್ಲ. ಒಳಗೆ ಹೋಗಬೇಕಿದ್ದರೆ ಮಾತ್ರ ಮೊದಲೇ ಫೋನ್ ಮಾಡಿ ಕೇಳಿ. ಗುರುತಿನ ಚೀಟಿ ಜೊತೆಗಿರಲಿ.

4. ಎರಡನೇ ವರ್ಷದವರನ್ನು ಮಾತಾಡಿಸಿ

ಪ್ರವೇಶ ವಿಭಾಗದವರು ಒಳ್ಳೆಯದನ್ನೇ ಹೇಳುತ್ತಾರೆ, ಅದು ಅವರ ಕೆಲಸ. ನೀವು ಸೇರಿದರೂ ಬಿಟ್ಟರೂ ಲಾಭ ನಷ್ಟ ಇಲ್ಲದವರನ್ನು ಕೇಳಿ. ಕ್ಯಾಂಟೀನಿನಲ್ಲಿ, ಬಸ್ ಸ್ಟಾಪಿನಲ್ಲಿ ಎರಡು, ಮೂರನೇ ವರ್ಷದ ವಿದ್ಯಾರ್ಥಿಗಳು ಸಿಗುತ್ತಾರೆ. ಅಣ್ಣ ಒಂದು ನೋಟ್‌ಬುಕ್ಕಿನಲ್ಲಿ ಪ್ರಶ್ನೆಗಳನ್ನು ಬರೆದು ತಂದಿದ್ದ. "ಇವನ್ನು ನಾನು ಅವತ್ತು ಕೇಳಬೇಕಿತ್ತು" ಎಂದ. ಅದೇ ಪಟ್ಟಿ ನಿಮಗೂ:

– ವಾರದಲ್ಲಿ ಎಷ್ಟು ತರಗತಿ ನಿಜವಾಗಿ ನಡೆಯುತ್ತವೆ? ಕಾಯಂ ಅಧ್ಯಾಪಕರು ಎಷ್ಟು ಜನ?
– ಕನ್ನಡ, ಉರ್ದು ಮಾಧ್ಯಮದಿಂದ ಬಂದವರು ಮೊದಲ ಸೆಮಿಸ್ಟರ್ ಹೇಗೆ ನಿಭಾಯಿಸಿದರು?
– ಕಳೆದ ವರ್ಷ ಒಟ್ಟು ಎಷ್ಟು ಕಟ್ಟಿದಿರಿ? ರಸೀದಿ ಕೊಟ್ಟರೇ?
– ಹುಷಾರಿಲ್ಲದಾಗ ಹಾಸ್ಟೆಲಿನಲ್ಲಿ ಯಾರು ನೋಡಿಕೊಳ್ಳುತ್ತಾರೆ?
– ಮತ್ತೆ ಆರಿಸುವ ಅವಕಾಶ ಸಿಕ್ಕರೆ ಇಲ್ಲಿಗೇ ಬರುತ್ತೀರಾ?

ಕೊನೆಯ ಪ್ರಶ್ನೆಗೆ ಉತ್ತರ ಬರುವ ಮೊದಲು ಮುಖ ನೋಡಿ. ಅರ್ಧ ಉತ್ತರ ಅಲ್ಲೇ ಸಿಗುತ್ತದೆ.

5. ಪೂರ್ತಿ ಲೆಕ್ಕ ಹಾಕಿ

ಫೀ ಮಾತ್ರ ನೋಡಿದರೆ ಸಾಲದು. ಹಾಸ್ಟೆಲ್, ಮೆಸ್, ಪ್ರಯಾಣ, ಪರೀಕ್ಷಾ ಶುಲ್ಕ ಸೇರಿಸಿ, ಕೋರ್ಸಿನ ವರ್ಷಗಳಿಂದ ಗುಣಿಸಿ. ರಾಜ್ಯದ ವಿಶ್ವವಿದ್ಯಾಲಯಗಳಲ್ಲಿ 2024–25ರಿಂದ ಸಾಮಾನ್ಯ ಪದವಿ ಮತ್ತೆ ಮೂರು ವರ್ಷದ್ದಾಗಿದೆ. ಕೇಂದ್ರೀಯ ವಿಶ್ವವಿದ್ಯಾಲಯಗಳಲ್ಲಿ ನಾಲ್ಕು ವರ್ಷದ ಆನರ್ಸ್ ಪದ್ಧತಿ ಇದೆ. ಆಮೇಲೆ ಕಳೆಯುವ ಲೆಕ್ಕ ಮಾಡಿ: ಎಸ್‌ಎಸ್‌ಪಿ ಪೋರ್ಟಲಿನ ವಿದ್ಯಾರ್ಥಿವೇತನ, ಅಲ್ಪಸಂಖ್ಯಾತರ ಇಲಾಖೆಯ ಮೆಟ್ರಿಕ್ ನಂತರದ ಹಾಸ್ಟೆಲ್, ವೃತ್ತಿಪರ ಕೋರ್ಸಿಗಾದರೆ ಅರಿವು ಸಾಲ. 371(ಜೆ) ಅಡಿ ನಮ್ಮ ಭಾಗದ ಶಿಕ್ಷಣ ಸಂಸ್ಥೆಗಳಲ್ಲಿ ರಾಜ್ಯದ ಸೀಟುಗಳ ಪೈಕಿ ಶೇ. 70, ರಾಜ್ಯಮಟ್ಟದ ಸಂಸ್ಥೆಗಳಲ್ಲಿ ಶೇ. 8 ನಮ್ಮವರಿಗೆ ಮೀಸಲು. ಅದರ ಅರ್ಹತಾ ಪ್ರಮಾಣಪತ್ರವನ್ನು ಸಹಾಯಕ ಆಯುಕ್ತರ ಕಚೇರಿಯಿಂದ ಈಗಲೇ ಮಾಡಿಸಿಕೊಳ್ಳಿ.

6. ಅವತ್ತೇ ಬರೆದಿಡಿ

ಎರಡು ಮೂರು ಕಡೆ ನೋಡಿದ ಮೇಲೆ ಒಂದರ ಮಾತು ಇನ್ನೊಂದಕ್ಕೆ ಬೆರೆತುಹೋಗುತ್ತದೆ. ನಾನು ವಾಪಸ್ ಬಸ್ಸಿನಲ್ಲೇ ಪ್ರತಿ ಜಾಗಕ್ಕೂ ಒಂದು ಪುಟ ಬರೆದೆ: ಹಿಡಿಸಿದ್ದು ಮೂರು, ಹಿಡಿಸದ್ದು ಮೂರು. ಎಲ್ಲೂ ಎಲ್ಲವೂ ಸರಿ ಇರಲಿಲ್ಲ. ಯಾವ ಕೊರತೆಯನ್ನು ನಾನು ಸಹಿಸಬಲ್ಲೆ ಎಂಬುದು ಆ ಪುಟಗಳಿಂದಲೇ ತಿಳಿಯಿತು.

ಎರಡನೇ ಪ್ರಯಾಣದಲ್ಲಿ ಕಡಗಂಚಿಗೆ ಹೋದಾಗ ಅಬ್ಬಾ ಹೆಚ್ಚು ಮಾತಾಡಲಿಲ್ಲ. ಭಾಲ್ಕಿ ಕಡೆಯ ಒಬ್ಬ ವಿದ್ಯಾರ್ಥಿನಿ ಸಿಕ್ಕಳು. ಅಬ್ಬಾ ಅವಳನ್ನು ಕೇಳಿದ್ದು ಎರಡೇ: "ಬೇಟಿ, ಊಟ ಹೇಗಿದೆ? ಮನೆಗೆ ಎಷ್ಟು ದಿನಕ್ಕೊಮ್ಮೆ ಹೋಗುತ್ತೀ?" ಅವಳು ಊಟದ ಬಗ್ಗೆ ನಕ್ಕಳು, ಓದಿನ ಬಗ್ಗೆ ತುಂಬ ಹೊತ್ತು ಮಾತಾಡಿದಳು. ಹುಮನಾಬಾದ್ ದಾಟಿ ರಾಜೇಶ್ವರ ಬರುವ ಹೊತ್ತಿಗೆ ಅಬ್ಬಾ ನನ್ನ ಕಡೆ ತಿರುಗಿ ಕೇಳಿದರು: "ಆ ಸಿಯುಇಟಿ ಅರ್ಜಿ ಯಾವಾಗ ತುಂಬಬೇಕು?"

ನಾನೀಗ ಅಲ್ಲೇ ಓದುತ್ತಿದ್ದೇನೆ. ಅಣ್ಣ ಬಸವಕಲ್ಯಾಣದಲ್ಲಿ ಪದವಿ ಮತ್ತೆ ಶುರುಮಾಡಿದ್ದಾನೆ. ಸೇರುವ ಮೊದಲು ಒಂದಲ್ಲ, ಮೂರು ಸಲ ಹೋಗಿ ನೋಡಿ ಬಂದ. ಆ ನೋಟ್‌ಬುಕ್ ನಮ್ಮ ಮನೆಯಲ್ಲಿದೆ, ಬೇಕಾದವರು ಬಂದು ನಕಲು ಮಾಡಿಕೊಳ್ಳಿ.