ಮೊದಲ ರಾತ್ರಿ ವಿಚಾರಣೆ ಬೇಡ

ಚಳ್ಳಕೆರೆ, ಮೊಳಕಾಲ್ಮೂರು ಸೀಮೆಯಲ್ಲಿ ನಿರಾಶ್ರಿತರ ಆರೈಕೆಯ ಸಿಬ್ಬಂದಿಗೆ ತರಬೇತಿ ಕೊಡುತ್ತಾ ಕಲಿತ ಪಾಠಗಳಿವು. ಮನಸ್ಸಿಗೆ ಪೆಟ್ಟು ತಿಂದವರನ್ನು ಮತ್ತೆ ನೋಯಿಸದ ಹಾಗೆ ಸೇವೆಯ ಕ್ರಮವನ್ನೇ ಬದಲಿಸಬೇಕು ಎಂಬ ವಿಚಾರವನ್ನು ಅಮೆರಿಕದ ಮ್ಯಾಕ್ಸಿನ್ ಹ್ಯಾರಿಸ್ ಮತ್ತು ರೋಜರ್ ಫಾಲಟ್ 2001ರಲ್ಲಿ ಪುಸ್ತಕವಾಗಿ ತಂದರು. ನಮ್ಮಲ್ಲಿ ಅದು ರಾತ್ರಿ ಬಾಗಿಲು ತೆಗೆಯುವವರ ಕೈಯಲ್ಲಿದೆ.

1. ತರಬೇತಿಗೆ ಮೊದಲು ರಾತ್ರಿ ಪಾಳಿಯವರನ್ನು ಕರೆಯಿರಿ. ಸಾಮಾನ್ಯವಾಗಿ ಬರುವವರು ಮ್ಯಾನೇಜರ್. ಆದರೆ ಬಸ್‌ಸ್ಟ್ಯಾಂಡಿನಿಂದ ಅಪರಾತ್ರಿಯಲ್ಲಿ ಬಂದ ಹೆಂಗಸು ಎದುರಾಗುವುದು ಕಾವಲುಗಾರನಿಗೆ. ಒಪ್ಪಿದವರನ್ನು ಮಾತ್ರ ಚಾಪೆಯ ಮೇಲೆ ಮಲಗಿಸಿ, ದೀಪ ಆರಿಸಿ, ಮುಖಕ್ಕೆ ಟಾರ್ಚ್ ಬಿಡುತ್ತೇನೆ, ಲಾಠಿಯಿಂದ ನೆಲ ಕುಟ್ಟುತ್ತೇನೆ. ಆಮೇಲೆ ಉಪನ್ಯಾಸ ಬೇಕಾಗುವುದಿಲ್ಲ.

2. ಮೊದಲ ರಾತ್ರಿ ಕರೆಯಲು ಒಂದು ಹೆಸರಿದ್ದರೆ ಸಾಕು. ನೀರು, ಊಟ, ಬಚ್ಚಲು ಎಲ್ಲಿದೆ, ಚಿಲಕ ಹೇಗೆ ಹಾಕಬೇಕು, ಇಷ್ಟು ತಿಳಿಸಿ. ಆಧಾರ್, ಗಂಡನ ಹೆಸರು ನಾಳೆಗಿರಲಿ. ಜಾತಿಯಂತೂ ಬೇಡವೇ ಬೇಡ. ಪಕ್ಕದ ರಾಯದುರ್ಗದ ಕಡೆಯಿಂದ ಬಂದವರ ಹತ್ತಿರ ತೆಲುಗಿನಲ್ಲೇ ಮಾತಾಡಿ. ಗಡಿಯ ನಮ್ಮ ಸಿಬ್ಬಂದಿಗೆ ಅದು ಬರುತ್ತದೆ, ನಮ್ಮ ಬಲ ಅದು.

3. ಕೇಳದೆ ಕೂದಲು ಮುಟ್ಟಬೇಡಿ. ಬೀದಿಯಿಂದ ಬಂದವರ ತಲೆ ಬೋಳಿಸಿ ಸ್ನಾನ ಮಾಡಿಸುವುದೇ ಸೇವೆ ಎಂದು ಬಹಳ ಜನ ನಂಬಿದ್ದಾರೆ. ಹೇನು, ಹುಣ್ಣು ಇರುವುದು ನಿಜ. ಆದರೆ ಹಿಂದೆ ಯಾರೋ ಅದುಮಿ ಹಿಡಿದದ್ದನ್ನು ಮೈ ಮರೆತಿರುವುದಿಲ್ಲ. ನಾಲ್ಕು ಜನ ಕೈಕಾಲು ಹಿಡಿದು ಕತ್ತರಿ ಹಾಕಿದರೆ ಅದೇ ಹಳೆಯ ರಾತ್ರಿ ಮರಳಿ ಬರುತ್ತದೆ. ಸಾಲದ್ದಕ್ಕೆ, ಜಡೆಗಟ್ಟಿದ ಕೂದಲು ದೇವಿಯದು, ತೆಗೆದರೆ ಕೇಡು ಎಂಬ ಭಯ ನಮ್ಮ ಕಡೆ ಇನ್ನೂ ಇದೆ. ಒಬ್ಬ ಅಜ್ಜಿ ಯಾರು ಹತ್ತಿರ ಬಂದರೂ ಸೆರಗಿನಿಂದ ಜಡೆ ಮುಚ್ಚಿಕೊಳ್ಳುತ್ತಿದ್ದಳು. ಅಡುಗೆಯ ಅಕ್ಕ ದಿನವೂ ಪಕ್ಕದಲ್ಲಿ ಕೂತು ತನ್ನ ತಲೆಗೆ ಎಣ್ಣೆ ಹಚ್ಚಿಕೊಂಡು, ಬಟ್ಟಲನ್ನು ಅಲ್ಲೇ ಬಿಟ್ಟು ಏಳುತ್ತಿದ್ದಳು. ಕೊನೆಗೆ ಅಜ್ಜಿಯೇ ಕೇಳಿದಳು: "ಗೌರಸಮುದ್ರದ ಮಾರಮ್ಮಗೆ ಒಂದ್ ಕಾಯಿ ಒಡ್ದು ತೆಗೀತೀರೇನವ್ವ?" ಕಾಯಿ ಒಡೆದ ಮೇಲೆಯೇ ಕತ್ತರಿ ಹಿಡಿದೆವು. ಆ ಅಕ್ಕ ಯಾವ ತರಬೇತಿಗೂ ಬಂದವಳಲ್ಲ. ಈಗ ಈ ಪಾಠ ಹೇಳಿಕೊಡುವವಳು ಅವಳೇ.

4. ಕಾನೂನು ಬಾಯಿಪಾಠವಿರಲಿ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 100ನೇ ಕಲಮಿನ ಪ್ರಕಾರ, ಮಾನಸಿಕ ಅಸ್ವಸ್ಥರೆಂದು ಪೊಲೀಸರು ರಕ್ಷಣೆಗೆ ಪಡೆದವರನ್ನು 24 ಗಂಟೆಯೊಳಗೆ ಸರ್ಕಾರಿ ಆಸ್ಪತ್ರೆಗೆ ಕರೆದೊಯ್ಯಬೇಕು, ಲಾಕಪ್ಪಿನಲ್ಲಿ ಇಡುವಂತಿಲ್ಲ. ಮನೆಯವರನ್ನು ಹುಡುಕುವ ಹೊಣೆಯೂ ಠಾಣೆಯದೇ. ಹಾಗೆಂದು ಮನೆ ಸಿಕ್ಕಿತೆಂಬ ಸಂಭ್ರಮದಲ್ಲಿ ಅಂದೇ ಬಸ್ಸು ಹತ್ತಿಸಬೇಡಿ. ಪೆಟ್ಟು ತಿಂದದ್ದು ಆ ಮನೆಯಲ್ಲೇ ಇರಬಹುದು. "ಹೋಗ್ತೀಯೇನಮ್ಮ?" ಎಂದು ಒಬ್ಬಳೇ ಇದ್ದಾಗ ಕೇಳಿ.

5. ಸಿಬ್ಬಂದಿಯ ಗಾಯಗಳನ್ನೂ ನೋಡಿ. ಇದು ಬರದ ನಾಡು, ಗುಳೆ ಹೋದ ಮನೆಗಳಿಂದಲೇ ಬಂದವರು ಇವರಲ್ಲಿ ಎಷ್ಟೋ ಮಂದಿ. ಇನ್ನೊಬ್ಬರ ಕಥೆ ಕೇಳಿ ನಿದ್ದೆ ಕಳೆದುಕೊಳ್ಳುತ್ತಾರೆ. ಟೆಲಿ ಮನಸ್ ಸಹಾಯವಾಣಿ 14416 ಅವರಿಗೂ ಇದೆ ಎಂದು ಗೋಡೆಯ ಮೇಲೆ ಬರೆಸಿ. ತರಬೇತಿಗೆ ಕರೆದವರನ್ನು ನಾನು ಮೊದಲು ಕೇಳುವುದು, ಕಾವಲುಗಾರನಿಗೆ ಹೋದ ತಿಂಗಳ ಸಂಬಳ ಆಗಿದೆಯೇ ಎಂದು. ಆಗಿಲ್ಲ ಎಂದರೆ ಅದನ್ನು ಕೊಟ್ಟ ಮೇಲೆ ದಿನಾಂಕ ಗೊತ್ತುಮಾಡೋಣ ಎನ್ನುತ್ತೇನೆ.