ನರಸಂಧಿಯ ನಿಜರೂಪ



ಸೂಕ್ಷ್ಮದರ್ಶಕದಲ್ಲಿ ಕಂಡದ್ದೆಲ್ಲವೂ ನಿಜವೆಂದು ನಾವು ಸಹಜವಾಗಿ ನಂಬುತ್ತೇವೆ. ಈ ನಂಬಿಕೆಗೆ ಎಷ್ಟು ಆಧಾರವುಂಟೆಂಬುದನ್ನು ಒಂದು ನಿದರ್ಶನದಿಂದ ವಿಚಾರಿಸೋಣ.

ಮೆದುಳಿನಲ್ಲಿ ಒಂದು ನರಕೋಶವು ಮತ್ತೊಂದಕ್ಕೆ ಸಂದೇಶವನ್ನು ಒಪ್ಪಿಸುವ ಸ್ಥಳಕ್ಕೆ ನರಸಂಧಿ ಅಥವಾ ಸಿನಾಪ್ಸ್ ಎಂದು ಹೆಸರು. ಅಲ್ಲಿ ಎರಡು ಕೋಶಗಳ ನಡುವಿನ ಬಿರುಕು ಸುಮಾರು 20 ನ್ಯಾನೊಮೀಟರ್ ಮಾತ್ರ. ನ್ಯಾನೊಮೀಟರೆಂದರೆ ಮಿಲಿಮೀಟರಿನ ಹತ್ತು ಲಕ್ಷದಲ್ಲೊಂದು ಪಾಲು. ಬಿರುಕಿನ ಒಂದು ದಡದಲ್ಲಿ ಸಂದೇಶವಾಹಕ ರಾಸಾಯನಿಕವನ್ನು ತುಂಬಿಕೊಂಡ ಕಿರುಚೀಲಗಳು ನೆರೆದಿರುತ್ತವೆ. ಇವುಗಳನ್ನು ನಮಗೆ ತೋರಿಸಿಕೊಟ್ಟದ್ದು 1950ರ ದಶಕದ ಎಲೆಕ್ಟ್ರಾನ್ ಸೂಕ್ಷ್ಮದರ್ಶಕ.

ಆದರೆ ಪ್ರಾಣ ಹೋದೊಡನೆ ಅಂಗಾಂಶವು ಕೆಡತೊಡಗುತ್ತದೆ. ಆದುದರಿಂದ ಅದನ್ನು ಮೊದಲು ರಾಸಾಯನಿಕ ದ್ರಾವಣದಿಂದ ಇದ್ದಂತೆಯೇ ನಿಲ್ಲಿಸಬೇಕು. ಇದೇ ಸ್ಥಿರೀಕರಣ. ಆರಂಭದಲ್ಲಿ ಇದಕ್ಕೆ ಆಸ್ಮಿಯಮ್ ಟೆಟ್ರಾಕ್ಸೈಡನ್ನು ಬಳಸುತ್ತಿದ್ದರು. 1963ರಲ್ಲಿ ಗ್ಲುಟರಾಲ್ಡಿಹೈಡ್ ಬಳಕೆಗೆ ಬಂದಿತು. ಇದು ಕೋಶದ ಪ್ರೋಟೀನುಗಳನ್ನು ಒಂದಕ್ಕೊಂದು ಬಿಗಿಯುತ್ತದೆ.

ಹಸಿ ಹಪ್ಪಳವನ್ನು ಬಿಸಿಲಿಗೆ ಹಾಕಿದರೆ ಅದು ಬಹುದಿನ ಬಾಳುವುದು ನಿಜ. ಆದರೆ ಅಂಚು ಮುದುಡದೆ ಇರುವುದೇ? ಸ್ಥಿರೀಕರಣದ ಕಥೆಯೂ ಹಾಗೆಯೇ.

1965ರಲ್ಲಿ ಜಪಾನಿನ ವಿಜ್ಞಾನಿ ಉಚಿಝೋನೊ ಅವರು ಬೆಕ್ಕಿನ ನರಮಂಡಲವನ್ನು ಪರೀಕ್ಷಿಸಿ, ಪ್ರಚೋದಿಸುವ ಸಂಧಿಗಳಲ್ಲಿ ಚೀಲಗಳು ದುಂಡಗೆಯೂ ತಡೆಯುವ ಸಂಧಿಗಳಲ್ಲಿ ಚಪ್ಪಟೆಯಾಗಿಯೂ ಇರುವುವೆಂದು ತಿಳಿಸಿದರು. ಆದರೆ ಆ ಚಪ್ಪಟೆತನವು ಆಲ್ಡಿಹೈಡ್ ದ್ರಾವಣವನ್ನೂ ಅದರ ಲವಣಾಂಶವನ್ನೂ ಅವಲಂಬಿಸಿದುದೆಂದು ಮುಂದೆ ಗೊತ್ತಾಯಿತು. ಆಸ್ಮಿಯಮ್ ಒಂದನ್ನೇ ಬಳಸಿದಾಗ ಎರಡೂ ಬಗೆಯವು ದುಂಡಗೇ ಕಾಣುವುವು. ಹಾಗೆಂದು ಆ ಶೋಧನೆ ವ್ಯರ್ಥವಲ್ಲ. ಒಂದೇ ದ್ರಾವಣ ಒಂದು ಬಗೆಯನ್ನು ಚಪ್ಪಟೆಗೊಳಿಸಿ ಮತ್ತೊಂದನ್ನು ಬಿಟ್ಟಿತೆಂದರೆ, ಅವೆರಡರ ಸ್ವಭಾವದಲ್ಲಿಯೇ ಭೇದವಿರಬೇಕಷ್ಟೆ!

ಇನ್ನೊಂದು ಮೋಸವನ್ನು ನೋಡಿ. ಜೀವಂತ ಮೆದುಳಿನಲ್ಲಿ ಸುಮಾರು ಐದನೆಯ ಒಂದು ಪಾಲು ಕೋಶಗಳ ನಡುವಣ ದ್ರವದ ಎಡೆಯಾಗಿರುತ್ತದೆ. ರಾಸಾಯನಿಕದಿಂದ ಸ್ಥಿರಗೊಳಿಸಿದ ಚಿತ್ರಗಳಲ್ಲಾದರೋ ಕೋಶಗಳು ಒತ್ತೊತ್ತಾಗಿ ಕುಳಿತಿರುತ್ತವೆ. ಅಧಿಕ ಒತ್ತಡದಲ್ಲಿ ಅಂಗಾಂಶವನ್ನು ಕ್ಷಣಾರ್ಧದಲ್ಲಿ ಹೆಪ್ಪುಗಟ್ಟಿಸುವ ವಿಧಾನವನ್ನು 2015ರಲ್ಲಿ ಇಲಿಯ ಮೆದುಳಿಗೆ ಪ್ರಯೋಗಿಸಿದಾಗ, ಈ ಎಡೆ ಬಹುಮಟ್ಟಿಗೆ ಉಳಿದುಬಂದಿತು. ಆದರೆ ಈ ವಿಧಾನಕ್ಕೂ ಮಿತಿಯುಂಟು: ತೆಳುವಾದ ತುಣುಕಿಗೆ ಮಾತ್ರ ಅದು ಒಗ್ಗುವುದು, ದಪ್ಪವಾದುದರ ಒಳಗೆ ಮಂಜಿನ ಹರಳುಗಳು ಮೂಡಿ ಕೋಶಗಳನ್ನು ಹರಿಯುವುವು.

ಹಾಗಾದರೆ ಯಾವುದನ್ನು ನಂಬಬೇಕು? ಬಿರುಕೂ ಕಿರುಚೀಲಗಳೂ ಎರಡು ವಿಧಾನಗಳಲ್ಲಿಯೂ ಕಾಣುತ್ತವೆ. ಆದುದರಿಂದ ಅವು ನಿಜ. ಒಂದೇ ವಿಧಾನದಲ್ಲಿ ಕಂಡದ್ದನ್ನು ಮತ್ತೆ ಪರೀಕ್ಷಿಸಬೇಕು. ನಿಮ್ಮ ಪಠ್ಯಪುಸ್ತಕದಲ್ಲಿ ಕೋಶದ ಚಿತ್ರವನ್ನು ಕಂಡಾಗ "ಇದೇನು?" ಎಂದು ಕೇಳಿ ಸುಮ್ಮನಾಗದೆ, "ಇದನ್ನು ಹೇಗೆ ಸಿದ್ಧಗೊಳಿಸಿದರು?" ಎಂದೂ ಕೇಳಿರಿ. ವಿಜ್ಞಾನಾಭ್ಯಾಸದ ಮೊದಲ ಮೆಟ್ಟಿಲು ಅದೇ.