ದಡದ ಹಸುರನ್ನು ನಂಬಿದ ಮೀನು

ಮೀನೆಂದೊಡನೆ ನಮಗೆ ನೀರು ನೆನಪಾಗುತ್ತದೆ. ದಡದ ಪೊದೆಗಳು ನೆನಪಾಗುವುದಿಲ್ಲ. ಕೆನಡದ ಆಂಟೇರಿಯೊ ಪ್ರಾಂತ್ಯದ ತಂಪಾದ ತೊರೆಗಳಲ್ಲಿರುವ ರೆಡ್‌ಸೈಡ್ ಡೇಸ್ ಎಂಬ ಕಿರುಮೀನಿಗಾದರೋ ಎರಡೂ ಬೇಕು. ಗೆಂಡೆಮೀನಿನ ಬಳಗಕ್ಕೆ ಸೇರಿದ ಈ ಮೀನಿನ ಉದ್ದ ಸುಮಾರು 10 ಸೆಂಟಿಮೀಟರು. ಪಕ್ಕೆಯಲ್ಲಿ ಕೆಂಪು ಪಟ್ಟೆಯುಂಟು. ಮಡುವಿನಲ್ಲಿ ಕಾದಿದ್ದು, ನೀರಿನ ಮೇಲೆ ಬಾಗಿದ ಹುಲ್ಲುಪೊದೆಗಳ ಸುತ್ತ ಹಾರಾಡುವ ಕೀಟಗಳನ್ನು ಇದು ಮೇಲಕ್ಕೆ ನೆಗೆದು ಹಿಡಿಯುತ್ತದೆ. ಬೇಟೆ ಕಣ್ಣಿಗೆ ಬೀಳಬೇಕಾದರೆ ನೀರು ತಿಳಿಯಾಗಿರಬೇಕು.

ಟೊರಾಂಟೊ ನಗರ ಬೆಳೆದಂತೆ ಸುತ್ತಲಿನ ಅನೇಕ ತೊರೆಗಳ ದಡಗಳು ಬೋಳಾದವು. ಕೊಚ್ಚಿಬಂದ ಮಣ್ಣಿನಿಂದ ನೀರು ರಾಡಿಯಾಯಿತು, ನೆರಳಿಲ್ಲದೆ ಬಿಸಿಯೇರಿತು. ಮೊಟ್ಟೆಯಿಡುವ ನೊರಜುಗಲ್ಲುಗಳ ಮೇಲೆ ಹೂಳು ಕುಳಿತರೆ ಮೊಟ್ಟೆಗಳಿಗೆ ಆಮ್ಲಜನಕ ದೊರೆಯದು. 2017ರಲ್ಲಿ ಕೆನಡ ಸರಕಾರ ಈ ಮೀನನ್ನು ಅಳಿವಿನಂಚಿನ ಜೀವಿಗಳ ಪಟ್ಟಿಗೆ ಸೇರಿಸಿತು. ಮೀನನ್ನು ಉಳಿಸಬೇಕಾದರೆ ನಾವು ಮೊದಲು ದಡವನ್ನು ಉಳಿಸಬೇಕು.